ಟೂರಿಂಗ್ ಬೈಕಿನಲ್ಲಿ ಉಪಗ್ರಹ ರೇಡಿಯೊ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನೆವಾಡಾ ರಾಜ್ಯದ ನಡುವೆ ಹಾದುಹೋಗುವ 50ನೇ ನಂಬರಿನ ಹೆದ್ದಾರಿಯಲ್ಲಿ ಫಾಲನ್ ಎಂಬ ಊರು ಬಿಟ್ಟ ಮೇಲೆ, ಆಸ್ಟಿನ್ ಎಂಬ ಇನ್ನೊಂದು ಪುಟ್ಟ ಊರು ಸಿಗಬೇಕಾದರೆ ಸುಮಾರು 110 ಮೈಲಿ ಸಾಗಬೇಕು. 1986ರಲ್ಲಿ ಲೈಫ್ ಪತ್ರಿಕೆ ಇದನ್ನು ಅಮೆರಿಕದಲ್ಲೇ ಅತ್ಯಂತ ಒಂಟಿಯಾದ ರಸ್ತೆ ಎಂದು ಕರೆದಿತ್ತು. ನೇರವಾಗಿ ಸಾಗುವ ಎಫ್‌ಎಂ ಅಲೆಗಳಿಗೆ ದಿಗಂತವೂ ಬೆಟ್ಟಸಾಲುಗಳೂ ಅಡ್ಡವಾಗುವುದರಿಂದ, ಊರು ಹಿಂದೆ ಸರಿಯುತ್ತಿದ್ದಂತೆ ಹಾಡು ಒಡೆದು, ಕೊನೆಗೆ ಬರಿಯ ಗೊರಗೊರ ಸದ್ದು ಉಳಿಯುತ್ತದೆ. ಹೋಂಡಾ ಗೋಲ್ಡ್‌ವಿಂಗ್‌ನಂಥ ದೊಡ್ಡ ಟೂರಿಂಗ್ ಬೈಕುಗಳಲ್ಲಿ ದಿನವಿಡೀ ಸಾಗುವವರು, ಚಂದಾ ಕಟ್ಟಿ ನೇರವಾಗಿ ಉಪಗ್ರಹದಿಂದಲೇ ಹಾಡು ಕೇಳುವ ಉಪಗ್ರಹ ರೇಡಿಯೊವನ್ನು ಬಯಸುವುದಕ್ಕೆ ಇಂಥ ರಸ್ತೆಗಳೇ ಕಾರಣ. ಅದನ್ನು ನನ್ನ ಬೈಕಿಗೆ ನಾನೇ ಅಳವಡಿಸಿಕೊಂಡವನಾದ್ದರಿಂದ, ಆ ಕೆಲಸದ ಒಳಹೊರಗನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಅಮೆರಿಕದಲ್ಲಿ ಎಕ್ಸ್‌ಎಂ ಸಂಸ್ಥೆ 2001ರಲ್ಲಿ, ಸಿರಿಯಸ್ ಸಂಸ್ಥೆ 2002ರಲ್ಲಿ ಪ್ರಸಾರ ಆರಂಭಿಸಿದವು. 2008ರಲ್ಲಿ ಎರಡೂ ಒಂದಾದವು. ಎಕ್ಸ್‌ಎಂ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವುದರಿಂದ, ಅಮೆರಿಕದಲ್ಲಿರುವವರ ಪಾಲಿಗೆ ಅವು ಯಾವಾಗಲೂ ದಕ್ಷಿಣದ ಆಕಾಶದಲ್ಲೇ ಇರುತ್ತವೆ. ಒಂದೇ ಕಾರ್ಯಕ್ರಮವನ್ನು ಎರಡು ಉಪಗ್ರಹಗಳು ಕೆಲವು ಸೆಕೆಂಡುಗಳ ಅಂತರದಲ್ಲಿ ಕಳಿಸುತ್ತವೆ, ರೇಡಿಯೊ ಅವನ್ನು ತನ್ನ ನೆನಪಿನಲ್ಲಿಟ್ಟುಕೊಂಡು ಜೋಡಿಸುತ್ತದೆ. ಸೇತುವೆಯೊಂದರ ಕೆಳಗೆ ನುಸುಳಿ ಹೋದಾಗ ಹಾಡು ಕಡಿಯದಿರುವುದು ಹೀಗೆ.

ಈ ದಕ್ಷಿಣದ ಆಕಾಶದ ಸಂಗತಿಯನ್ನು ನಾನು ಓದಿ ತಿಳಿದಿದ್ದೆನಾದರೂ ಅದರ ಅರ್ಥವಾದದ್ದು ತಪ್ಪು ಮಾಡಿದ ಮೇಲೆ. ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಆಂಟೆನಾವನ್ನು ನಾನು ಮೊದಲು ಕೂರಿಸಿದ್ದು ಹ್ಯಾಂಡಲಿನ ಮುಂದೆ, ಗಾಳಿ ತಡೆಯುವ ಗಾಜಿನ ಹಿಂದೆ. ಕಣ್ಣೆದುರಿಗೇ ಇದ್ದ ಆ ಜಾಗ ನೋಡಲು ಅಚ್ಚುಕಟ್ಟಾಗಿತ್ತು. ದಕ್ಷಿಣಕ್ಕೆ ಹೊರಟ ದಿನ ದನಿ ಸ್ವಚ್ಛವಾಗಿ ಬಂದಿತು. ಅದೇ ರಸ್ತೆಯಲ್ಲಿ ಉತ್ತರಕ್ಕೆ ಮರಳುವಾಗ ಮಾತ್ರ ಪದೇ ಪದೇ ಕಡಿಯತೊಡಗಿತು. ರಸ್ತೆಬದಿಯಲ್ಲಿ ಬೈಕು ನಿಲ್ಲಿಸಿ ಇಳಿದು ನಿಂತರೆ ಹಾಡು ತಾನಾಗಿಯೇ ಮರಳಿತು, ಮತ್ತೆ ಹತ್ತಿ ಕೂತರೆ ಮತ್ತೆ ಹೋಯಿತು. ಒಂದು ಉಪಗ್ರಹವನ್ನು ಪಕ್ಕದ ಗುಡ್ಡ ಮರೆಮಾಡಿತ್ತು, ಇನ್ನೊಂದಕ್ಕೆ ನನ್ನ ಎದೆಯೇ ಅಡ್ಡವಾಗಿತ್ತು. 2.3 ಗಿಗಾಹರ್ಟ್ಸ್ ಆವರ್ತನದ ಅಲೆಗಳನ್ನು ನೀರು ತುಂಬಿದ ನಮ್ಮ ಮೈ ಚೆನ್ನಾಗಿಯೇ ತಡೆಯುತ್ತದೆ.

ಆದ್ದರಿಂದ ಆಂಟೆನಾಕ್ಕೆ ತಕ್ಕ ಜಾಗವೆಂದರೆ ಹಿಂದಿನ ಡಿಕ್ಕಿಯ ಮೇಲ್ಭಾಗ. ಹಿಂದೆ ಕೂರುವವರ ಬೆನ್ನಿಗೂ ಆಚೆ ಇರುವ ಅಲ್ಲಿಂದ ಆಕಾಶದ ಬಹುಭಾಗ ಕಾಣುತ್ತದೆ. ಆದರೆ ಡಿಕ್ಕಿಯ ಮುಚ್ಚಳ ಪ್ಲಾಸ್ಟಿಕ್ಕಿನದು, ಆಂಟೆನಾವನ್ನು ತಯಾರಿಸಿರುವುದು ಕಾರಿನ ಉಕ್ಕಿನ ಚಾವಣಿಗಾಗಿ. ತನ್ನ ಕೆಳಗೆ ಲೋಹದ ಹಾಸು ಇದ್ದರಷ್ಟೇ ಅದು ಪೂರ್ತಿಯಾಗಿ ಕೆಲಸ ಮಾಡುತ್ತದೆ. ಈ ಅಲೆಗಳ ಉದ್ದ ಸುಮಾರು 13 ಸೆಂಟಿಮೀಟರ್. ಅಂಗೈಗಿಂತ ತುಸು ದೊಡ್ಡದಾದ, 15 ಸೆಂಟಿಮೀಟರ್ ಚೌಕದ ತಗಡೊಂದನ್ನು ಕೆಳಗಿಟ್ಟರೆ ಸಾಕು. ಉಕ್ಕಿನ ತಗಡಾದರೆ ಆಂಟೆನಾದ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ, ಆದರೆ ಮಳೆಗೆ ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಂ ತಗಡಿಗೆ ತುಕ್ಕಿಲ್ಲ, ಆದರೆ ಅಯಸ್ಕಾಂತ ಹಿಡಿಯದ ಕಾರಣ ಎರಡೂ ಬದಿ ಅಂಟಿರುವ ಟೇಪು ಬೇಕು. ನಾನು ಅಲ್ಯುಮಿನಿಯಂ ಬಳಸಿ, ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಆಂಟೆನಾದ ವೈರು ಎಷ್ಟೇ ಉದ್ದವಿದ್ದರೂ ಅದನ್ನು ಕತ್ತರಿಸಬಾರದು. ಉಳಿದದ್ದನ್ನು ಅಗಲವಾದ ಸುರುಳಿಯಾಗಿ ಸುತ್ತಿ ಸೀಟಿನ ಕೆಳಗಿಡಬೇಕು.

ಉಪಗ್ರಹ ರೇಡಿಯೊ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಕಚೇರಿಯಿದ್ದ ವರ್ಲ್ಡ್‌ಸ್ಪೇಸ್ ಸಂಸ್ಥೆಯು 2000ದಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದ ಮೂಲಕ, ಕರ್ನಾಟಕ ಸಂಗೀತಕ್ಕೆ ಶ್ರುತಿ, ಕನ್ನಡಕ್ಕೆ ಸ್ಪರ್ಶ ಎಂಬ ವಾಹಿನಿಗಳನ್ನು ಕೇಳಿಸುತ್ತಿತ್ತು. 2009ರ ಕೊನೆಯ ದಿನ ಭಾರತದಲ್ಲಿ ಆ ಸೇವೆ ನಿಂತಾಗ ಮನೆಯವರನ್ನೇ ಕಳೆದುಕೊಂಡಂತೆ ನೊಂದವರನ್ನು ನಾನು ಬಲ್ಲೆ. ಅದರ ಆಂಟೆನಾವನ್ನು ಕಿಟಕಿಯಲ್ಲೋ ತಾರಸಿಯಲ್ಲೋ ಇಟ್ಟು, ಉಪಗ್ರಹದ ದಿಕ್ಕಿಗೆ ಮೆಲ್ಲನೆ ತಿರುಗಿಸುತ್ತಾ ಸರಿಹೊಂದಿಸಬೇಕಿತ್ತು. ಮನೆ ನಿಂತಲ್ಲೇ ನಿಂತಿರುತ್ತದೆ. ಬೈಕು ತಿರುವಿಗೊಮ್ಮೆ ದಿಕ್ಕು ಬದಲಿಸಿ ವಾಲುವುದರಿಂದ, ಅದರ ಆಂಟೆನಾ ಇಡೀ ಆಕಾಶಕ್ಕೆ ಕಿವಿಗೊಟ್ಟು ಮಲಗಿರಬೇಕಾಗುತ್ತದೆ.

ಇನ್ನು ವಿದ್ಯುತ್ತಿನ ವಿಚಾರ. ಬೈಕಿನ ಬ್ಯಾಟರಿ 12 ವೋಲ್ಟಿನದು, ಎಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರುತ್ತದೆ. ಈಗಿನ ಚಿಕ್ಕ ಉಪಗ್ರಹ ರೇಡಿಯೊಗಳಿಗೆ ಬೇಕಾದದ್ದು 5 ವೋಲ್ಟು. ನಡುವೆ ಪರಿವರ್ತಕವಿಲ್ಲದೆ ನೇರವಾಗಿ ಜೋಡಿಸಿದರೆ ರೇಡಿಯೊ ಸುಟ್ಟುಹೋಗುತ್ತದೆ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಯಿಂದಲೇ ವೈರು ಎಳೆಯಬೇಕು, ಇಲ್ಲವಾದರೆ ರಾತ್ರಿಯಿಡೀ ರೇಡಿಯೊ ಬ್ಯಾಟರಿಯನ್ನು ಹೀರುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಬೇಕು. ಚಿಕ್ಕ ಫ್ಯೂಸೊಂದನ್ನು ಕರೆಂಟು ತೆಗೆದುಕೊಂಡ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಹಾಕಬೇಕು. ದೂರದಲ್ಲಿ ಹಾಕಿದರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇರುವುದಿಲ್ಲ.

ರೇಡಿಯೊದ ದನಿಯನ್ನು ಬೈಕಿನ ಸ್ಪೀಕರಿಗೆ ತಲುಪಿಸಲು, ಹೆಡ್‌ಫೋನಿನಂಥ ಪಿನ್ನಿರುವ ಆಕ್ಸ್ ವೈರೇ ಉತ್ತಮ. ಅದನ್ನು ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ ಹಾಡಿನ ಹಿಂದೆ ಕುಂಯ್ ಎಂಬ ಸದ್ದು ಕೇಳಿ, ಆಕ್ಸಿಲರೇಟರ್ ತಿರುಗಿಸಿದಷ್ಟೂ ಅದು ಮೇಲೇರುತ್ತಿದ್ದರೆ ಗಾಬರಿಯಾಗಬೇಕಿಲ್ಲ. ರೇಡಿಯೊ ಮತ್ತು ಸ್ಪೀಕರ್ ವ್ಯವಸ್ಥೆಗಳು ಬೇರೆ ಬೇರೆ ಕಡೆ ನೆಲದ ಸಂಪರ್ಕ, ಅಂದರೆ ಬ್ಯಾಟರಿಯ ಮೈನಸ್ ಕಡೆಯ ಸಂಪರ್ಕ, ಪಡೆದಾಗ, ಎಂಜಿನ್ ಜೊತೆ ತಿರುಗಿ ವಿದ್ಯುತ್ ಕೊಡುವ ಆಲ್ಟರ್ನೇಟರಿನ ಸದ್ದು ಹೀಗೆ ನುಸುಳುತ್ತದೆ. ಎರಡನ್ನೂ ಒಂದೇ ಜಾಗಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಡಬ್ಬಿಯನ್ನು ಸೇರಿಸಬೇಕು. ಸೀಟು ಮುಚ್ಚುವ ಮೊದಲು ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ, ಎಲ್ಲಿಯೂ ವೈರು ಬಿಗಿಯದಂತೆ ನೋಡಿಕೊಳ್ಳಿ. ಅರ್ಧ ದಾರಿಯಲ್ಲಿ ಹ್ಯಾಂಡಲು ಹಿಡಿದುಕೊಂಡರೆ ಹೋಗುವುದು ಹಾಡಲ್ಲ, ಜೀವ.

ಚಂದಾ ಕಟ್ಟಿದ ಮೇಲೆ ರೇಡಿಯೊವನ್ನು ತೆರೆಯುವ ಅಪ್ಪಣೆಯೂ ಉಪಗ್ರಹದಿಂದಲೇ ಬರುತ್ತದೆ. ಹಾಗಾಗಿ ಬೈಕನ್ನು ಗ್ಯಾರೇಜಿನಿಂದ ಹೊರತಂದು, ಬಯಲಿನಲ್ಲಿ ರೇಡಿಯೊ ಹಾಕಿಟ್ಟು ಕಾಯಬೇಕು. ಎರಡನೆಯ ಸಲ ಎಲ್ಲವನ್ನೂ ಬಿಚ್ಚಿ ಜೋಡಿಸಿದ ವಾರ ನಾನು ಮತ್ತೆ ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೊರಟೆ. ಹಿಂದಿನ ಸಲ ಇಳಿದು ನಿಂತಿದ್ದ ಗುಡ್ಡದ ಪಕ್ಕ ಬಂದಾಗ ಅರಿವಿಲ್ಲದೆಯೇ ವೇಗ ತಗ್ಗಿಸಿ ಕಾದೆ. ಪಿಯಾನೊ ನುಡಿಯುತ್ತಲೇ ಇತ್ತು.

ನಮಸ್ಕಾರ.