ಹದಿನಾರು ಪಾತ್ರೆ, ಒಂದೇ ಒಗ್ಗರಣೆ ಸೌಟು: ರೋಲ್ಯಾಂಡ್ ಜೆವಿ-1080ರ ಎಫೆಕ್ಟ್‌ಗಳು

[ಕಪ್ಪು ತೆರೆ. ಆರ್ಗನ್ ದನಿ, ಸ್ಪೀಕರ್ ಗಿರಗಿರ ತಿರುಗುತ್ತಿರುವ ಹಾಗೆ. ಹತ್ತು ಸೆಕೆಂಡ್.]

ಕೇಳಿದ್ರಾ? ಈಗ ಅದೇ ಪ್ಯಾಚ್, ಅಂದ್ರೆ ಸಿದ್ಧ ಮಾಡಿಟ್ಟ ಅದೇ ದನಿ, ಅದೇ ಸ್ವರಗಳು.

[ಮತ್ತೆ ಆರ್ಗನ್. ಈ ಸಲ ಒಣ ಒಣ.]

ಒಗ್ಗರಣೆ ಹಾಕದ ಸಾರಿನ ಥರ ಆಯ್ತಲ್ವಾ? ಕೇಬಲ್ ಸಡಿಲ ಆಗಿಲ್ಲ, ಡಬ್ಬಿ ಕೆಟ್ಟೂ ಇಲ್ಲ. ಮೊದಲನೇದು ಒಂದೇ ದನಿ ಇರೋ ಪ್ಯಾಚ್ ಮೋಡ್‌ನಲ್ಲಿ ನುಡಿಸಿದ್ದು, ಎರಡನೇದು ಹಲವು ದನಿ ಒಟ್ಟಿಗೆ ಇಟ್ಕೊಳ್ಳೋ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ. ಹಳೇ ಸೌಂಡ್ ಮಾಡ್ಯೂಲ್ ಮನೆಗೆ ತಂದವರು ಮೊದಲ ವಾರದಲ್ಲೇ ಎಡವೋ ಜಾಗ ಇದು. ನಾನಂತೂ ಎರಡು ರಾತ್ರಿ ಕೇಬಲ್ ಬದಲಾಯಿಸ್ತಾ ಕೂತಿದ್ದೆ.

[ಕ್ಯಾಮೆರಾ ಮೇಜಿನ ಮೇಲಿನ ಡಬ್ಬಿಯತ್ತ.]

ಇದೇ ರೋಲ್ಯಾಂಡ್ ಜೆವಿ-1080. ಜಪಾನಿನ ಕಂಪನಿ, 1994ರ ಮಾಲು. ಕೀಲಿಮಣೆ ಇಲ್ಲ, ಸ್ಪೀಕರ್ ಇಲ್ಲ. 19 ಇಂಚು ಅಗಲದ ರ‍್ಯಾಕ್‌ಗೆ ಸ್ಕ್ರೂ ಹಾಕಿ ಕೂರಿಸೋ ಪೆಟ್ಟಿಗೆ. ಎತ್ತರ 2ಯು. ಒಂದು ಯು ಅಂದ್ರೆ 1.75 ಇಂಚು, ಹಾಗಾಗಿ ಇದು ಮೂರೂವರೆ ಇಂಚು. ನಿಮ್ಮ ಕೀಬೋರ್ಡಿನ ಮಿಡಿ ಔಟ್‌ನಿಂದ ಇದರ ಮಿಡಿ ಇನ್‌ಗೆ ಒಂದು ಐದು ಪಿನ್ನಿನ ಕೇಬಲ್. ಆ ಕೇಬಲ್‌ನಲ್ಲಿ ಸಂಗೀತ ಹರಿಯಲ್ಲ. 'ಈ ಸ್ವರ, ಇಷ್ಟು ಜೋರಾಗಿ ಒತ್ತಿದ್ದಾರೆ' ಅನ್ನೋ ಸುದ್ದಿ ಮಾತ್ರ ಹೋಗುತ್ತೆ. ದನಿ ಹುಟ್ಟೋದು ಡಬ್ಬಿ ಒಳಗೆ.

ಒಂದು ಎಚ್ಚರಿಕೆ. ಈಗಿನ ಎಷ್ಟೋ ಕೀಬೋರ್ಡ್‌ಗಳಲ್ಲಿ ಈ ಐದು ಪಿನ್ನಿನ ತೂತೇ ಇಲ್ಲ, ಬರೀ ಯುಎಸ್‌ಬಿ. ಯುಎಸ್‌ಬಿಯಿಂದ ಮಿಡಿಗೆ ಅಂತ ಅಂಗಡೀಲಿ ಸಿಗೋ ಸಾದಾ ಕೇಬಲ್ ತಂದ್ರೆ ಕೆಲಸ ಆಗಲ್ಲ. ನಡುವೆ ಕಂಪ್ಯೂಟರ್ ಬೇಕು, ಇಲ್ಲ ಯುಎಸ್‌ಬಿ ಹೋಸ್ಟ್ ಇರೋ ಪುಟ್ಟ ಡಬ್ಬಿ ಬೇಕು.

[ಪರದೆ ಮೇಲೆ: 64 ವಾಯ್ಸ್. 16 ಪಾರ್ಟ್. 40 ಎಫೆಕ್ಟ್.]

ಈ ಮೂರು ಸಂಖ್ಯೆ ನೋಡಿ ಯಾರಿಗಾದ್ರೂ ಬಾಯಲ್ಲಿ ನೀರೂರುತ್ತೆ. ಮೂರೂ ನಿಜ. ಆದ್ರೆ ಒಂದೊಂದಕ್ಕೂ ಒಂದು ಷರತ್ತಿದೆ.

64 ವಾಯ್ಸ್ ತಗೊಳ್ಳಿ. ಒಂದೇ ಹೊತ್ತಿಗೆ ಡಬ್ಬಿ ಎಷ್ಟು ದನಿ ಹೊರಡಿಸಬಹುದು ಅನ್ನೋ ಲೆಕ್ಕ ಇದು. ಇದರ ಒಂದು ಪ್ಯಾಚ್‌ನಲ್ಲಿ ನಾಲ್ಕು ಟೋನ್, ಅಂದ್ರೆ ದನಿಯ ಪದರ, ತನಕ ಒಂದರ ಮೇಲೊಂದು ಕೂರಿಸಬಹುದು. ಒಂದೊಂದು ಟೋನೂ ಒಂದು ವಾಯ್ಸ್ ತಿನ್ನುತ್ತೆ. ನಾಲ್ಕೂ ಟೋನ್ ಇರೋ ದಪ್ಪ ಪ್ಯಾಡ್ ದನಿ ಹಾಕ್ಕೊಂಡು ಐದು ಬೆರಳಲ್ಲಿ ಕಾರ್ಡ್, ಅಂದ್ರೆ ಸ್ವರಗುಚ್ಛ, ಹಿಡಿದ್ರೆ ಇಪ್ಪತ್ತು ಖರ್ಚು. ಪೆಡಲ್ ಒತ್ತಿಟ್ಟು ಎರಡನೇ ಕಾರ್ಡ್, ನಲವತ್ತು. ಮೂರನೇದು, ಅರವತ್ತು. ನಾಲ್ಕನೇದಕ್ಕೆ ಕೈ ಇಟ್ಟಾಗ...

[ಪ್ಯಾಡ್ ದನಿ. ನಾಲ್ಕನೇ ಕಾರ್ಡ್‌ಗೆ ಮೊದಲಿನ ಸ್ವರಗಳು ಕತ್ತರಿಸಿ ಹೋಗುತ್ತವೆ.]

ಮೊದಲು ಬಂದವರನ್ನ ಎಬ್ಬಿಸಿ ಹೊಸಬರನ್ನ ಕೂರಿಸ್ತು. ಮದುವೆ ಮನೆ ಪಂಕ್ತಿ ಥರಾನೇ! ಮುಖ್ಯವಾದ ಪಾರ್ಟ್‌ಗೆ, ಅಂದ್ರೆ ಒಟ್ಟಿಗೆ ನುಡಿಯೋ ಹದಿನಾರು ದನಿಗಳಲ್ಲಿ ಒಂದಕ್ಕೆ, ಜಾಗ ಕಾಯ್ದಿರಿಸೋಕೆ ವಾಯ್ಸ್ ರಿಸರ್ವ್ ಅಂತ ಸೆಟ್ಟಿಂಗ್ ಇದೆ, ಬೇಸ್‌ಗೆ ಎರಡಾದ್ರೂ ಕೊಟ್ಟಿಡಿ.

ಈಗ ಎಫೆಕ್ಟ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಆರ್ಗನ್ ಸಪ್ಪೆಯಾಗಿದ್ದರ ಗುಟ್ಟು ಇಲ್ಲೇ ಇರೋದು.

ಈ ಡಬ್ಬಿಯಲ್ಲಿ ಎಫೆಕ್ಟ್ ವಿಭಾಗ ಮೂರು: ಇಎಫ್‌ಎಕ್ಸ್, ಕೋರಸ್, ರಿವರ್ಬ್. ರಿವರ್ಬ್ ಅಂದ್ರೆ ದೇವಸ್ಥಾನದ ನವರಂಗ ಇದ್ದ ಹಾಗೆ. ಹತ್ತು ಜನ ಒಳಗೆ ನಿಂತು ಹಾಡಿದ್ರೂ ಅನುರಣನ ಒಂದೇ ಮಂಟಪದ್ದು. ಯಾರು ಎಷ್ಟು ಒಳಗೆ ನಿಂತಿದ್ದಾರೆ ಅನ್ನೋದಷ್ಟೇ ವ್ಯತ್ಯಾಸ. ಹದಿನಾರು ಪಾರ್ಟೂ ಅದನ್ನ ಹಂಚಿಕೊಂಡ್ರೆ ತೊಂದರೆ ಇಲ್ಲ, ಇನ್ನೂ ಚೆನ್ನಾಗೇ ಕೇಳುತ್ತೆ. ದನಿಯನ್ನ ದಪ್ಪ ಮಾಡೋ ಕೋರಸ್ಸೂ ಹಾಗೇ. ಒಂದೊಂದು ಪಾರ್ಟ್ ಎಷ್ಟು ಕಳಿಸಬೇಕೋ ಅಷ್ಟು ಕಳಿಸುತ್ತೆ.

ಇಎಫ್‌ಎಕ್ಸ್ ಹಾಗಲ್ಲ. ಅದು ಒಗ್ಗರಣೆ. ಓವರ್‌ಡ್ರೈವ್, ಫೇಸರ್, ರೋಟರಿ, ಆಟೋ ವಾ, ಕಂಪ್ರೆಸರ್, ಹೀಗೆ 40 ಬಗೆ. ದನಿಯ ಗುಣವನ್ನೇ ಬದಲಾಯಿಸುವಂಥವು. ಆರ್ಗನ್ ಗಿರಗಿರ ತಿರುಗಿದ್ದು ರೋಟರಿಯಿಂದ. ಈ ನಲವತ್ತರಲ್ಲಿ ಒಂದು ಹೊತ್ತಿಗೆ ಆರಿಸಿಕೊಳ್ಳೋಕೆ ಆಗೋದು ಒಂದೇ ಒಂದು. ಪ್ಯಾಚ್ ಮೋಡ್‌ನಲ್ಲಿ ಇರೋದೇ ಒಂದು ಪ್ಯಾಚ್, ಸೌಟು ಪೂರ್ತಿ ಅದರದ್ದೇ. ಪರ್ಫಾರ್ಮೆನ್ಸ್‌ಗೆ ಬಂದ ತಕ್ಷಣ ಒಲೆ ಮೇಲೆ ಹದಿನಾರು ಪಾತ್ರೆ, ಸೌಟು ಮಾತ್ರ ಅದೇ ಒಂದು. ಪ್ಯಾಚ್ ಜೊತೆ ಬಂದಿದ್ದ ರೋಟರಿ ಬಾಗಿಲಾಚೆ ನಿಲ್ಲುತ್ತೆ.

[ತೆರೆಯ ಮೇಲೆ ಡಬ್ಬಿಯ ಎರಡು ಸಾಲಿನ ಡಿಸ್‌ಪ್ಲೇ. ಬೆರಳು ಡಯಲ್ ತಿರುಗಿಸುತ್ತದೆ.]

ಪರ್ಫಾರ್ಮೆನ್ಸ್‌ನ ಎಫೆಕ್ಟ್ ಪುಟಗಳಿಗೆ ಹೋಗಿ. ಇಎಫ್‌ಎಕ್ಸ್ ಸೋರ್ಸ್ ಅಂತ ಒಂದು ಸಾಲು ಸಿಗುತ್ತೆ, ಅಲ್ಲಿ ಪರ್ಫಾರ್ಮೆನ್ಸ್ ಅಂತಿದೆ. ಅದನ್ನ ಆರ್ಗನ್ ಇರೋ ಪಾರ್ಟ್‌ಗೆ ತಿರುಗಿಸಿ. ಆಮೇಲೆ ಆ ಪಾರ್ಟಿನ ಔಟ್‌ಪುಟ್ ಇಎಫ್‌ಎಕ್ಸ್ ಕಡೆಗೆ ಇದೆಯಾ ನೋಡಿ. ಬಾಕಿ ಎಲ್ಲ ಪಾರ್ಟ್‌ಗಳ ಔಟ್‌ಪುಟ್ ಮಿಕ್ಸ್‌ಗೆ, ಅಂದ್ರೆ ಇಎಫ್‌ಎಕ್ಸ್ ದಾಟಿಸದ ದಾರಿಗೆ, ಹಾಕಿ.

[ಆರ್ಗನ್ ಮತ್ತೆ ತಿರುಗುತ್ತದೆ.]

ಬಂತಲ್ಲ! ಆ ಕೊನೇ ಹೆಜ್ಜೆ ಮಾತ್ರ ಮರೀಬೇಡಿ. ನಾನು ಮರೆತಿದ್ದೆ. ಡ್ರಮ್ಸ್ ಕೂಡ ರೋಟರಿಯಲ್ಲಿ ಸುತ್ತಿ, ಇಡೀ ಹಾಡು ಬಾವಿಯೊಳಗೆ ಕೊಡಪಾನ ಉರುಳಿದ ಹಾಗೆ ಕೇಳ್ತಿತ್ತು. ಬೇಸ್‌ಗೋ ಸ್ನೇರ್‌ಗೋ ಹೊರಗಡೆಯ ಎಫೆಕ್ಟ್ ಬೇಕಾದ್ರೆ ಡೈರೆಕ್ಟ್ 1, ಡೈರೆಕ್ಟ್ 2 ಅಂತ ಹಿಂದೆ ಬೇರೆ ಜ್ಯಾಕ್‌ಗಳಿವೆ, ಅಲ್ಲಿಂದ ಒಣದಾಗಿ ಈಚೆ ತೆಗೀಬಹುದು.

ಸೌಟು ಒಂದೇ ಅನ್ನೋ ಈ ಕೊರತೆ ಕಂಪನಿಗೂ ಗೊತ್ತಿತ್ತು ಅಂತ ಕಾಣುತ್ತೆ. ಮುಂದಿನ ಜೆವಿ-2080ರಲ್ಲಿ ಒಂದು ಇಎಫ್‌ಎಕ್ಸ್ ಇದ್ದಿದ್ದು ಮೂರಾಯ್ತು, ಹೆಚ್ಚುವರಿ ದನಿ ಸೇರಿಸೋ ಎಕ್ಸ್‌ಪ್ಯಾನ್ಷನ್ ಬೋರ್ಡಿನ ಜಾಗ ನಾಲ್ಕಿದ್ದಿದ್ದು ಎಂಟಾಯ್ತು. ಎರಡೂ ಒಂದೇ ಬೆಲೆಗೆ ಸಿಕ್ಕಿದ್ರೆ ನಾನು ಯೋಚನೆ ಮಾಡದೆ 2080 ಎತ್ಕೋತೀನಿ. 1080 ಅಗ್ಗಕ್ಕೆ ಸಿಕ್ಕಿದ್ರೆ ಬಿಡಬೇಡಿ.

ರಾಗ ನುಡಿಸೋರಿಗೆ ಒಂದು ಮಾತು. ಗಮಕಕ್ಕೆ ಪಿಚ್ ಬೆಂಡ್ ಚಕ್ರ ಎಳೀತೀರಲ್ಲ, ಆ ಸುದ್ದಿ ಹೋಗೋದು ಸ್ವರಕ್ಕಲ್ಲ, ಇಡೀ ಚಾನೆಲ್‌ಗೆ, ಅಂದ್ರೆ ಪಾರ್ಟಿಗೆ ಮಿಡಿ ಸುದ್ದಿ ಹೋಗೋ ದಾರಿಗೆ. ಸ್ವರಪ್ರಸ್ತಾರಾನೂ ತಂಬೂರಿ ದನಿಯೂ ಒಂದೇ ಚಾನೆಲ್‌ನಲ್ಲಿದ್ರೆ ಗಾಂಧಾರ ಎಳೆದಾಗ ಷಡ್ಜವೂ ಜೊತೇಲಿ ಜಾರುತ್ತೆ, ಶ್ರುತಿ ಹೊರಟೇ ಹೋಯ್ತು. ಹದಿನಾರು ಚಾನೆಲ್ ಇದೆ, ತಂಬೂರಿಗೆ ಅಂತ ಒಂದು ಬಿಟ್ಟುಕೊಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ ಡಬ್ಬಿ ತಿರುಗಿಸಿ ಹಿಂಭಾಗದ ವೋಲ್ಟೇಜ್ ಲೇಬಲ್ ಓದಿ. ಜಪಾನಿನ ಕರೆಂಟು 100 ವೋಲ್ಟ್, ಅಮೆರಿಕದ್ದು 120ರ ಆಸುಪಾಸು, ನಮ್ಮದು 230. ಅಲ್ಲಿಂದ ಬಂದ ಡಬ್ಬಿಯನ್ನ ನೇರ ನಮ್ಮ ಪ್ಲಗ್‌ಗೆ ಸಿಕ್ಕಿಸಿದ್ರೆ ಹೊಗೆ ಮಾತ್ರ ಈಚೆ ಬರುತ್ತೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಒಳಗೆ ನಾಣ್ಯದಂಥ ಬ್ಯಾಟರಿ ಇದೆ, ಅದು ಸತ್ತರೆ ನೀವು ಮಾಡಿಟ್ಟ ಪ್ಯಾಚ್‌ಗಳು ಹೋಗ್ತವೆ, ಕಾರ್ಖಾನೆಯವು ಉಳೀತವೆ. ಬದಲಾಯಿಸೋ ಮುಂಚೆ ಮಿಡಿ ಬಲ್ಕ್ ಡಂಪ್, ಅಂದ್ರೆ ಆ ಪ್ಯಾಚ್‌ಗಳದ್ದೊಂದು ಪ್ರತಿ, ತೆಗೆದಿಟ್ಕೊಳ್ಳಿ.

'ಇದರದ್ದೇ ಪ್ಲಗಿನ್ ಇದೆಯಲ್ಲ, ಇದ್ಯಾಕೆ?' ಅಂತೀರಿ. ಹೌದು, ರೋಲ್ಯಾಂಡೇ ಮಾರುತ್ತೆ. ಲ್ಯಾಪ್‌ಟಾಪ್‌ನಲ್ಲೇ ಎಲ್ಲ ಮಾಡೋರಿಗೆ ಅದೇ ಸರಿ. ಗಣೇಶನ ಪೆಂಡಾಲ್‌ನಲ್ಲಿ ಜನರೇಟರ್ ಕರೆಂಟಿನ ಮೇಲೆ ನುಡಿಸೋನಿಗೆ ಮಾತ್ರ ಸ್ವಿಚ್ ಒತ್ತಿದ ಕೂಡಲೇ ಸಿದ್ಧವಾಗಿ, ಅಪ್‌ಡೇಟ್ ಕೇಳದೆ ಕೂರೋ ಡಬ್ಬಿಯ ಬೆಲೆ ಗೊತ್ತು.

ಇನ್ನು ಮನೆಯಲ್ಲಿ ರೆಕಾರ್ಡ್ ಮಾಡೋರಿಗೆ ಒಂದೇ ಸೌಟಿನಲ್ಲಿ ಹದಿನಾರೂ ಪಾತ್ರೆಗೆ ಒಗ್ಗರಣೆ ಹಾಕೋ ಹಳೇ ಉಪಾಯ ಒಂದಿದೆ. ಎಲ್ಲ ಒಟ್ಟಿಗೆ ನುಡಿಸಬೇಡಿ. ಪ್ಯಾಚ್ ಮೋಡ್‌ಗೆ ಹೋಗಿ ಆರ್ಗನ್ ಒಂದನ್ನೇ ರೋಟರಿ ಜೊತೆ ಆಡಿಯೋ ಆಗಿ ರೆಕಾರ್ಡ್ ಮಾಡಿ. ಆಮೇಲೆ ಬೇಸ್‌ಗೆ ಕಂಪ್ರೆಸರ್. ಆಮೇಲೆ ಪ್ಯಾಡ್‌ಗೆ ಫೇಸರ್. ನಾಲ್ಕು ಪಾರ್ಟಿನ ಹಾಡಿಗೆ ನಾಲ್ಕು ಸಲ ಕೂರಬೇಕು. ನಿನ್ನೆ ರಾತ್ರಿ ಹಾಗೇ ಮಾಡಿದ್ದು ಇದು. ಹೆಡ್‌ಫೋನ್ ಹಾಕ್ಕೊಳ್ಳಿ.

[ಸಂಗೀತ: ಮೊದಲು ಆರ್ಗನ್ ಒಂದೇ, ಎಂಟು ಮಾತ್ರೆಗೊಮ್ಮೆ ಒಂದೊಂದು ದನಿ ಸೇರುತ್ತದೆ. ಡಿಸ್‌ಪ್ಲೇಯ ಬೆಳಕು ಆರುವವರೆಗೆ ಶಾಟ್.]