ಅಪ್ಪನ ಸಾಲಕ್ಕೆ ಮಗನ ಸಹಿ ಯಾಕೆ?

ನಮಸ್ಕಾರ. ನಮ್ಮ ದೊಡ್ಡಪ್ಪ ತೀರಿಕೊಂಡ 11ನೇ ದಿನ. ಊಟದ ಎಲೆ ಎತ್ತಿ ಇನ್ನೂ ನೆಲ ಒರೆಸಿರಲಿಲ್ಲ. ಶಾಮಿಯಾನದ ಕೆಳಗೆ ಒಬ್ಬರು ಕುರ್ಚಿ ಎಳೆದುಕೊಂಡು ಕೂತರು. ಅಂಗಿ ಜೇಬಿನಿಂದ ಎರಡು ಕಾಗದ ತೆಗೆದರು. ಒಂದು, ದೊಡ್ಡಪ್ಪ ಸಹಿ ಮಾಡಿದ್ದ ಹಳೇ ಪ್ರೋನೋಟು, ಅಂದರೆ ಸಾಲ ತೀರಿಸುತ್ತೇನೆ ಅಂತ ಬರೆದುಕೊಟ್ಟ ಪತ್ರ. ಇನ್ನೊಂದು ಹೊಸದು, ರೆವಿನ್ಯೂ ಸ್ಟಾಂಪು ಆಗಲೇ ಅಂಟಿಸಿತ್ತು.

"ನೋಡಪ್ಪಾ, ನಿಮ್ಮಪ್ಪನ ಋಣ ಇದು. ನೀನು ತೀರಿಸ್ದೆ ಇದ್ರೆ ಅವರ ಆತ್ಮಕ್ಕೆ ಶಾಂತಿ ಸಿಗುತ್ತಾ?"

ತಲೆ ಬೋಳಿಸಿಕೊಂಡು ಕೂತಿದ್ದ ನಮ್ಮಣ್ಣ ಸುಮ್ನೆ ಸಹಿ ಹಾಕಿಬಿಟ್ಟ. ಅಸಲು ಎಷ್ಟು, ಬಡ್ಡಿ ಎಷ್ಟು, ಅಪ್ಪ ಎಷ್ಟು ಕಟ್ಟಿದ್ದರು, ಒಂದನ್ನೂ ಕೇಳಲಿಲ್ಲ. ನಾಲ್ಕು ಜನರ ಮುಂದೆ ಹೇಗೆ ಕೇಳುತ್ತಾನೆ?

ಆ ಅವಸರ ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. ಹಳೇ ಪತ್ರಕ್ಕೆ 3 ವರ್ಷ ತುಂಬುತ್ತಾ ಬಂದಿತ್ತು. ಅಷ್ಟರೊಳಗೆ ದಾವೆ ಹಾಕದಿದ್ದರೆ ಸಾಮಾನ್ಯವಾಗಿ ಕೋರ್ಟಿನಲ್ಲಿ ಆ ಪತ್ರ ನಡೆಯುವುದಿಲ್ಲ. ಹೊಸ ಸಹಿ ಬಿದ್ದ ಗಳಿಗೆಯಿಂದ ಅದು ಅಣ್ಣನ ಸ್ವಂತ ಸಾಲ.

ಸಹಿ ಹಾಕದೆ ಇದ್ದಿದ್ದರೆ? ಸತ್ತವರ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು, ಕಾನೂನು ಹೇಳುವುದು ಇಷ್ಟೇ. 5 ಲಕ್ಷ ಸಾಲ ಇದ್ದು, ಮಗನ ಕೈಗೆ 2 ಲಕ್ಷದ ಆಸ್ತಿ ಬಂದಿದ್ದರೆ, ಆ 2 ಲಕ್ಷದವರೆಗೆ ಮಾತ್ರ ಅವನನ್ನು ಕೇಳಬಹುದು. ಅವನ ಸಂಬಳಕ್ಕೆ ಕೈ ಹಾಕುವಂತಿಲ್ಲ. ಜಾಮೀನು ಹಾಕಿದ್ದರೆ, ಅಪ್ಪನ ಜೊತೆ ಸೇರಿ ಸಾಲ ತೆಗೆದಿದ್ದರೆ ಮಾತ್ರ ಲೆಕ್ಕ ಬೇರೆ.

ಹಿಂದೆ ಹೀಗಿರಲಿಲ್ಲ, ನಿಜ. ಅಪ್ಪನ ಸಾಲ ಮಗ, ಮೊಮ್ಮಗ, ಮರಿಮಗನವರೆಗೂ ಧರ್ಮ ಅಂತ ಹಳೇ ಹಿಂದೂ ಕಾನೂನು ಹೇಳುತ್ತಿತ್ತು. ಆಗಲೂ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೆ ಅಂಟುತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅಂದರೆ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲಿದೆ: ಆ ವರ್ಷ ಸೆಪ್ಟೆಂಬರ್ 9ರ ನಂತರದ ಸಾಲವನ್ನು 'ಮಗನ ಧರ್ಮ' ಅನ್ನುವ ಒಂದೇ ಕಾರಣಕ್ಕೆ ಮಗನಿಂದ ವಸೂಲಿ ಮಾಡುವಂತಿಲ್ಲ. ಅಪ್ಪನ ಸಾಲಕ್ಕೆ ಮಗ ಗೌಡರ ಮನೆಯಲ್ಲಿ ದುಡಿಯುತ್ತಿದ್ದ ಜೀತ 1976ರಲ್ಲೇ ರದ್ದಾಯಿತು. ಜೀತ ಹೋಯಿತು, 'ಋಣ' ಅನ್ನುವ ಆ ಮಾತಿನ ಭಯ ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ಹಾಗಂತ ಕೊಟ್ಟವರಿಗೆ ಕೈ ಎತ್ತಿ ಅಂತ ನಾನು ಹೇಳುತ್ತಿಲ್ಲ. ಪೌತಿ ಖಾತೆ ಮಾಡಿಸಿಕೊಂಡು, ಅಂದರೆ ಸತ್ತವರ ಜಮೀನನ್ನು ತನ್ನ ಹೆಸರಿಗೆ ಬರೆಸಿಕೊಂಡು, ಜಮೀನು ನಂದು, ಸಾಲ ಅಪ್ಪಂದು ಅನ್ನುವುದು ಶುದ್ಧ ಮೋಸ. ನನ್ನ ಸಿಟ್ಟಿರುವುದು ಸೂತಕದ ಮನೆಯಲ್ಲಿ, ಲೆಕ್ಕ ತೋರಿಸದೆ ಸಹಿ ಕೇಳುವುದರ ಮೇಲೆ. ಯಾರಾದರೂ ಹಾಗೆ ಬಂದರೆ, "ತಿಥಿ ಮುಗೀಲಿ, ಹಳೇ ಪತ್ರ ತಗೊಂಡು ಬನ್ನಿ, ಕೂತು ಲೆಕ್ಕ ನೋಡೋಣ" ಅನ್ನಿ. ಅಷ್ಟು ಹೇಳಿದರೆ ಯಾವ ಅಪ್ಪನಿಗೂ ಅವಮಾನ ಆಗುವುದಿಲ್ಲ.

ಅಣ್ಣನ ಕಥೆ ಕೇಳಿ. ಪತ್ರ ಇದ್ದವರು ತಿಂಗಳು ತಿಂಗಳು ಬಾಗಿಲಿಗೆ ಬಂದು ಬಡ್ಡಿ ಸಮೇತ ತಗೊಂಡು ಹೋದರು. ದೊಡ್ಡಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ, ಪಕ್ಕದ ಮನೆ ಅಜ್ಜಿ ಸೆರಗಿನ ಗಂಟು ಬಿಚ್ಚಿ 15 ಸಾವಿರ ಕೊಟ್ಟಿದ್ದರು. ಕಾಗದ ಇಲ್ಲ, ಬಡ್ಡಿ ಇಲ್ಲ. ಅವರ ದುಡ್ಡು ವಾಪಸ್ ಕೊಡಲು ಅಣ್ಣನಿಗೆ 4 ವರ್ಷ ಬೇಕಾಯಿತು. ಕೊಡಲು ಹೋದಾಗ ಅಜ್ಜಿ ನೋಟು ಎಣಿಸಲೂ ಇಲ್ಲ. "ಕಾಫಿ ಕುಡ್ಕೊಂಡು ಹೋಗು ಮಗಾ" ಅಂತ ಒಳಗೆ ಹೋದರು.