ಪಾದ್ರಿಯ ಶಾಲೆ, ಪಾದ್ರಿ ಹೆಂಡತಿಯ ಅಡುಗೆಮನೆ

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ನಿಂತು ಬಾಸೆಲ್ ಮಿಶನ್ ಬಗ್ಗೆ, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಪಾದ್ರಿಗಳ ಸಂಸ್ಥೆಯ ಬಗ್ಗೆ, ಮಾತನಾಡುವುದು ಸ್ವಲ್ಪ ಕಷ್ಟ. ಕೇಳುವವರಿಗೆ ಅರ್ಧ ಕತೆ ಮೊದಲೇ ಗೊತ್ತಿರುತ್ತದೆ. 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ಪಾದ್ರಿ ಕಲ್ಲಚ್ಚಿನಲ್ಲಿ ತೆಗೆದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, 1894ರಲ್ಲಿ ಬಂದ ಕಿಟೆಲ್ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು. ಪ್ರತಿ ವರ್ಷ ಪತ್ರಿಕಾ ದಿನ ಬಂದಾಗ ಈ ಹೆಸರುಗಳನ್ನು ಹೇಳುತ್ತೇವೆ, ಫೋಟೋಕ್ಕೆ ಹಾರ ಹಾಕುತ್ತೇವೆ, ಊಟ ಮಾಡಿ ಮನೆಗೆ ಹೋಗುತ್ತೇವೆ. ಇವತ್ತು ನಾನು ಹಾರ ಹಾಕುವ ಕೆಲಸಕ್ಕೆ ಬಂದಿಲ್ಲ. ಈ ಪಾದ್ರಿಗಳು ನಡೆಸಿದ ಶಾಲೆಗಳ ಹಿಂದೆ ಒಂದು ಸಂಸಾರ ಇತ್ತಲ್ವಾ, ಅದರ ಬಗ್ಗೆ ಮಾತನಾಡುತ್ತೇನೆ. ಬೆಳಿಗ್ಗೆ ಯಾರು ಏಳುತ್ತಿದ್ದರು, ಗಂಜಿ ಯಾರು ಅಳೆದು ಕೊಡುತ್ತಿದ್ದರು, ಯಾವ ಭಾಷೆಯಲ್ಲಿ ಬೈಯುತ್ತಿದ್ದರು, ಇಂಥ ವಿಷಯ.

ಮೊದಲು ಇವರು ಗಂಡ ಹೆಂಡತಿ ಆದದ್ದು ಹೇಗೆ ಅಂತ ನೋಡೋಣ. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೆಹ್ನರ್, ಗ್ರೈನರ್ ಮೂವರೂ ಒಂಟಿಯಾಗಿಯೇ ಬಂದವರು. ಮಿಶನ್ ನಡೆಸುವ ಬಾಸೆಲ್‌ನ ಕಮಿಟಿಯದ್ದು ಅದೇ ನಿಯಮ. ಹೊರಡುವಾಗ ಮದುವೆ ಇಲ್ಲ. ಇಲ್ಲಿ ಒಂದೆರಡು ವರ್ಷ ಕೆಲಸ ಮಾಡಬೇಕು, ಹವೆಯನ್ನು ತಾಳಿಕೊಳ್ಳಬೇಕು, ಭಾಷೆ ಕಲಿಯಬೇಕು. ಆಮೇಲೆ ಮದುವೆಗೆ ಅರ್ಜಿ. ಹೌದು, ಅರ್ಜಿಯೇ! ರಜೆಗೆ ಹಾಕುವ ಹಾಗೆ. ಕಮಿಟಿ ಒಪ್ಪಿದರೆ ಅಲ್ಲಿಂದ ಹುಡುಗಿಯನ್ನು ಕಳಿಸುತ್ತಿದ್ದರು. ಎಷ್ಟೋ ಸಲ ಹುಡುಗಿಯನ್ನು ಹುಡುಕುವ ಕೆಲಸವೂ ಅಲ್ಲಿನವರದ್ದೇ. ಜರ್ಮನಿಯ ವುರ್ಟೆಂಬರ್ಗ್‌ನ ಒಂದು ಹಳ್ಳಿಯ ಹುಡುಗಿ, ಪತ್ರದಲ್ಲಿ ಮಾತ್ರ ಗೊತ್ತಿರುವ ಒಬ್ಬ ಗಂಡಸನ್ನು ಮದುವೆಯಾಗಲು ಹಡಗು ಹತ್ತುತ್ತಿದ್ದಳು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾ ಸುತ್ತಿ ಬಂದರೆ ಮೂರು ನಾಲ್ಕು ತಿಂಗಳು. ಬಂದು ಇಳಿದು ಕೆಲವೇ ದಿನಕ್ಕೆ ಮದುವೆ.

ನಮ್ಮ ಅಜ್ಜಿಯಂದಿರೂ ಗಂಡನ ಮುಖ ನೋಡದೆ ಮದುವೆಯಾದವರೇ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಸರಿ. ಆದರೆ ನಮ್ಮ ಅಜ್ಜಿಗೆ ತವರು ಅಂದರೆ ಎರಡು ಹೊಳೆ ಆಚೆ ಇತ್ತು. ಬಾಣಂತನಕ್ಕೆ ಹೋಗಿ ಬರಬಹುದಿತ್ತು.

ಇನ್ನು ಅವರ ಕೆಲಸ. ಪಾದ್ರಿಯ ಹೆಂಡತಿಗೆ ಹುದ್ದೆ ಇಲ್ಲ, ಬೇರೆ ಸಂಬಳ ಇಲ್ಲ. ಅವಳು ಬಂದದ್ದು ಗಂಡನಿಗೆ ನೆರವಾಗಲು ಅಂತ ಕಮಿಟಿಯ ಲೆಕ್ಕ. ಆದರೆ ಶಾಲೆ ಅಂದರೆ ಏನು ಅಂತ ನೋಡಿ. ಮಿಶನ್ ನಡೆಸಿದ್ದು ಬರೇ ಹಗಲು ಶಾಲೆ ಅಲ್ಲ. ಜೊತೆಗೆ ಬೋರ್ಡಿಂಗ್ ಇತ್ತು. ತಂದೆ ತಾಯಿ ಇಲ್ಲದ ಮಕ್ಕಳು, ಜಾತಿಯಿಂದ ಹೊರಗೆ ಬಿದ್ದ ಮನೆಗಳ ಮಕ್ಕಳು, ದೂರದ ಊರಿನವರು, ಎಲ್ಲರೂ ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. 1840ರಲ್ಲಿ ಕಲೆಕ್ಟರ್ ಬ್ಲೇರ್ ಮಂಗಳೂರಿನ ಬಲ್ಮಠದ ಜಾಗವನ್ನು ಮಿಶನ್‌ಗೆ ಕೊಟ್ಟ ಮೇಲೆ ಆ ಗುಡ್ಡದ ಮೇಲೆ ಬೆಳೆದದ್ದು ಇಂಥದ್ದೇ ಒಂದು ದೊಡ್ಡ ಮನೆ. ಬೋರ್ಡಿಂಗ್ ಬಂತು ಅಂದರೆ ಅಕ್ಕಿ ಬಂತು, ಸೌದೆ ಬಂತು, ಕಜ್ಜಿ ಬಂತು, ಜ್ವರ ಬಂತು, ಹರಿದ ಬಟ್ಟೆ ಬಂತು. ವ್ಯಾಕರಣ ಗಂಡ ಹೇಳಿಕೊಡಬಹುದು. ಆದರೆ ಮಕ್ಕಳ ಹೊಟ್ಟೆಗೆ ಹಾಕದೆ ಯಾವ ವ್ಯಾಕರಣ?

ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದ, ಮುಗಿಯುತ್ತಿದ್ದದ್ದೂ ಪ್ರಾರ್ಥನೆಯಿಂದ. ಮಧ್ಯದಲ್ಲಿ ಹುಡುಗರಿಗೆ ಓದು, ಬರಹ, ಲೆಕ್ಕ, ಬೈಬಲ್, ಜೊತೆಗೆ ಕೈಕೆಲಸ. ಹುಡುಗಿಯರಿಗೆ ಓದಿನ ಜೊತೆ ಹೊಲಿಗೆ ಮತ್ತು ಮನೆಗೆಲಸ. ಹುಡುಗಿಯರ ವಿಭಾಗ ಪೂರ್ತಿ ಹೆಂಡತಿಯ ಕೈಯಲ್ಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ನಗೆಪಾಟಲು ಎನ್ನುವ ಕಾಲ ಅದು. ಮನೆಮನೆಗೆ ಹೋಗಿ ಹೆಂಗಸರ ಹತ್ತಿರ ಕೂತು ಮಾತನಾಡಬೇಕು. ಒಳಗಿನ ಜಗಲಿಗೆ ಗಂಡಸು ಪಾದ್ರಿ ಹೋಗುವ ಹಾಗಿಲ್ಲ. ಇವಳು ಹೋಗಬಹುದು. ಆದರೆ ಭಾಷೆ?

ಇಲ್ಲೇ ಮಂಗಳೂರಿನ ಪಂಚಾಯ್ತಿಕೆ ಇರುವುದು. ಹೊಸ ಪಾದ್ರಿ ಬಂದ ಕೂಡಲೇ ಅವನಿಗೊಬ್ಬ ಮುನ್ಷಿ. ಕನ್ನಡ ಕಲಿಸುವುದು ಅವನ ಕೆಲಸ. ಕನ್ನಡವೇ ಯಾಕೆ? ಕಚೇರಿ, ಕೋರ್ಟು ನಡೆಯುತ್ತಿದ್ದದ್ದು ಕನ್ನಡದಲ್ಲಿ. ಬರೆದು ಓದುವ ಅಭ್ಯಾಸ ಇದ್ದದ್ದೂ ಕನ್ನಡದಲ್ಲಿ. ಆದರೆ ಗೇಟು ದಾಟಿ ಹೊರಗೆ ಬಂದರೆ ತುಳು. ಬಂದರಿನ ಕಡೆ ಹೋದರೆ ಬ್ಯಾರಿ. ಅಂಗಡಿಯಲ್ಲಿ ಕೊಂಕಣಿ. ಕಲೆಕ್ಟರ ಹತ್ತಿರ ಇಂಗ್ಲಿಷು. ಮನೆಯೊಳಗೆ ಗಂಡ ಹೆಂಡಿರ ಮಾತು ಜರ್ಮನ್, ಅದೂ ಹಳ್ಳಿಯ ಜರ್ಮನ್. ಗಂಡ ಮುನ್ಷಿಯ ಮುಂದೆ ಕೂತು ಗ್ರಾಂಥಿಕ ಕನ್ನಡ ಕಲಿಯುವಾಗ ಹೆಂಡತಿ ಅಡುಗೆಯವನ ಹತ್ತಿರ, ಆಯಾಳ ಹತ್ತಿರ, ಬೋರ್ಡಿಂಗಿನ ಮಕ್ಕಳ ಹತ್ತಿರ ಮಾತು ಕಲಿಯಬೇಕಾಗಿತ್ತು. ಯಾರು ಚೆನ್ನಾಗಿ ಕಲಿತಿರಬಹುದು ಅಂತ ನನ್ನನ್ನು ಕೇಳಿದರೆ ನಾನು ಹೆಂಡತಿಯ ಪರ.

ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ. ಆ ಶಾಲೆಯಲ್ಲಿ ಕನ್ನಡ ಹೆಚ್ಚಿನ ಮಕ್ಕಳಿಗೂ ಮನೆಮಾತಲ್ಲ. ತುಳು ಮನೆಯಿಂದ ಬಂದ ಹುಡುಗ, ಜರ್ಮನ್ ಮನೆಯಿಂದ ಬಂದ ಮೇಷ್ಟ್ರು, ಇಬ್ಬರೂ ಒಂದೇ ಹಲಗೆಯ ಮುಂದೆ ಕನ್ನಡ ಕಲಿತವರು. ನಮ್ಮ ಊರಿನ ಶಾಲೆಗಳಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ. ಪಾಠ ಕನ್ನಡ, ಆಟ ತುಳು. ಮಿಶನ್‌ನವರು ತುಳುವನ್ನು ಬಿಡಲಿಲ್ಲ ಅನ್ನುವುದೂ ನಿಜ. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ ಬಂತು, 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂತು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿ ಗಟ್ಟಿಯಾದದ್ದೂ ಇವರ ಅಚ್ಚುಕೂಟದಿಂದಲೇ.

ಭಾಷೆಯ ಗೊಂದಲ ಜೋರಾಗಿದ್ದ ಒಂದು ಜೋಡಿ ಅಂದರೆ ಗುಂಡರ್ಟ್ ದಂಪತಿ. ಹರ್ಮನ್ ಗುಂಡರ್ಟ್ ಜರ್ಮನ್. ಜೂಲಿ ದ್ಯೂಬ್ವಾ ಫ್ರೆಂಚ್ ಮಾತಿನ ಸ್ವಿಸ್ ಹುಡುಗಿ. 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾಗಿ ಅದೇ ವರ್ಷ ಮಂಗಳೂರಿಗೆ ಬಂದರು. ಮರುವರ್ಷ ತಲಶ್ಶೇರಿಗೆ ಹೋದರು. ಗಂಡ ಮಲಯಾಳದ ನಿಘಂಟಿಗೆ ಹೆಸರಾದರು. ಜೂಲಿ ಅಲ್ಲಿ ಹುಡುಗಿಯರ ಶಾಲೆ ನಡೆಸಿದರು. ಇವರ ಮಗಳು ಮರಿ, ಮೊಮ್ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅದು ಬೇರೆ ಕತೆ, ಬಿಡಿ.

ಮಳೆಗಾಲದ ಮಾತು ಆಡದೆ ಇದ್ದರೆ ಮಂಗಳೂರಿನ ಕತೆ ಆಗುವುದಿಲ್ಲ. ಜೂನ್ ಬಂತೆಂದರೆ ಬಂದರು ಮುಚ್ಚುತ್ತಿತ್ತು. ಹಡಗಿಲ್ಲ. ಪುಸ್ತಕಕ್ಕೆ ಬೂಸ್ಟು, ಚರ್ಮದ ಬೂಟಿಗೆ ಬೂಸ್ಟು, ಒಗೆದ ಬಟ್ಟೆ ಒಣಗುವುದಿಲ್ಲ. ಬೋರ್ಡಿಂಗ್ ತುಂಬ ಮಕ್ಕಳ ಬಟ್ಟೆ ಜೋರು ಮಳೆಯ ಆಟಿ ತಿಂಗಳಲ್ಲಿ ಒಣಗಿಸುವುದು ಅಂದರೆ ಏನು ಅಂತ ಇಲ್ಲಿ ಕೂತಿರುವ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ. ಜ್ವರ, ಕಾಲರಾ, ಬಾಣಂತಿ ರೋಗ. 1855ರಲ್ಲಿ ವೈಗ್ಲೆ ಪಾದ್ರಿ ತೀರಿಕೊಂಡರು. ಬಹಳ ವರ್ಷ ಒಂಟಿಯಾಗಿಯೇ ಇದ್ದ ಮೋಗ್ಲಿಂಗ್ ಕೊನೆಗೆ ಮದುವೆಯಾದದ್ದು ಅವರ ವಿಧವೆ ಪೌಲೀನೆಯನ್ನು. ಕಿಟೆಲ್ 1860ರಲ್ಲಿ ಮದುವೆಯಾದರು. ಅವರ ಹೆಂಡತಿಯ ಹೆಸರೂ ಪೌಲೀನೆ. 1864ರಲ್ಲಿ ಆಕೆ ಹೋಗಿಬಿಟ್ಟರು. ಮೂರು ವರ್ಷದ ಮೇಲೆ ಆಕೆಯ ತಂಗಿಯನ್ನೇ ಕಿಟೆಲ್ ಮದುವೆಯಾದರು. ಆ ನಿಘಂಟಿನ ಸುಮಾರು 70,000 ಶಬ್ದಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಈ ಅಕ್ಕ ತಂಗಿಯ ಹೆಸರನ್ನೇ ಎತ್ತುವುದಿಲ್ಲ.

ಅತ್ಯಂತ ಕಷ್ಟದ ನಿಯಮ ಇನ್ನೊಂದಿತ್ತು. ಮಿಶನರಿಗಳ ಸ್ವಂತ ಮಕ್ಕಳು ಶಾಲೆಗೆ ಹೋಗುವ ಪ್ರಾಯ ಆಗುವಾಗ, ಆರು ಏಳು ವರ್ಷಕ್ಕೆ, ಅವರನ್ನು ಯುರೋಪಿಗೆ ಕಳಿಸಿಬಿಡಬೇಕು. ಬಾಸೆಲ್‌ನಲ್ಲಿ ಅಂಥ ಮಕ್ಕಳಿಗೆಂದೇ ಒಂದು ಮನೆ ಇತ್ತು. ಮತ್ತೆ ತಂದೆ ತಾಯಿಯ ಮುಖ ನೋಡುವಾಗ ಎಷ್ಟೋ ಮಕ್ಕಳು ದೊಡ್ಡವರಾಗಿರುತ್ತಿದ್ದರು. ಇಲ್ಲಿ ಊರಿನ ಮಕ್ಕಳಿಗೆ ಬೋರ್ಡಿಂಗ್, ಅಲ್ಲಿ ಅವರ ಮಕ್ಕಳಿಗೂ ಬೋರ್ಡಿಂಗ್. ನಾನು ಆ ಕಮಿಟಿಯ ಜಾಗದಲ್ಲಿ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ. ದೇವರ ಕೆಲಸ ಅಂತ ಹೇಳಿದರೂ ಒಪ್ಪುತ್ತಿರಲಿಲ್ಲ.

ಊರಿನ ಕಡೆಯಿಂದ ನೋಡಿದರೂ ಎಲ್ಲ ಸುಖವಾಗಿರಲಿಲ್ಲ. 1844ರ ಜನವರಿಯಲ್ಲಿ ಮಿಶನ್‌ನ ಇಂಗ್ಲಿಷ್ ಶಾಲೆಯ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಎದ್ದು ನಿಂತಿತು. ಓದಲು ಕಳಿಸಿದ ಮಗ ಮನೆಗೆ ಬಾರದೆ ಹೋದರೆ ಯಾವ ತಾಯಿ ಸುಮ್ನೆ ಇರುತ್ತಾಳೆ? ಆ ಸಿಟ್ಟು ನ್ಯಾಯವಾದದ್ದು ಅಂತ ನಾನು ಒಪ್ಪುತ್ತೇನೆ. ಮೋಗ್ಲಿಂಗ್ ಅವರ ಜೊತೆ ಆನಂದರಾವ್ ಬಾಸೆಲ್‌ಗೆ ಹೋದರು, ಅಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಊರಿಗೆ ಬಂದರು. ಮೊದಲ ಹೆಂಡತಿ ಲಕ್ಷ್ಮಿ ಅವರ ಜೊತೆ ಬಾಳಲು ಒಪ್ಪಲಿಲ್ಲ. 1860ರಲ್ಲಿ ಅವರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದರು. ಈ ಸಂಸಾರದಲ್ಲಿ ಎಲ್ಲ ತಿರುವುಮುರುವು. ಗಂಡ ಊರಿನವನು, ಹೆಂಡತಿ ಪರದೇಶದವಳು. ಆನಂದರಾವ್ ಬಲ್ಮಠದ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ, ಪಾಠ ಹೇಳಿದರು, ಈ ಮೇಷ್ಟ್ರಿಗೆ ಮುನ್ಷಿ ಬೇಕಾಗಿರಲಿಲ್ಲ.

1914ರಲ್ಲಿ ಯುದ್ಧ ಶುರುವಾದ ಮೇಲೆ ಜರ್ಮನ್ ಪಾದ್ರಿಗಳನ್ನು ಸರ್ಕಾರ ಹಿಡಿದಿಟ್ಟಿತು, ಆಮೇಲೆ ಸಂಸಾರ ಸಮೇತ ವಾಪಸು ಕಳಿಸಿತು. ದೊರೆ ದೊರೆಸಾನಿ ಇಬ್ಬರೂ ಹೋದರು, ಶಾಲೆ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ತರಗತಿಗಳನ್ನು ನಡೆಸುತ್ತಿದ್ದದ್ದು ಊರಿನ ಮೇಷ್ಟ್ರುಗಳು, ಟೀಚರಮ್ಮಂದಿರು. ಅವರಲ್ಲಿ ಎಷ್ಟೋ ಮಂದಿ ಅದೇ ಬೋರ್ಡಿಂಗಿನಲ್ಲಿ ಗಂಜಿ ಕುಡಿದು ಓದಿದವರು.

ಇಲ್ಲಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಇದ್ದೀರಿ. ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳಿವೆ. ಬಾಸೆಲ್‌ನ ಪತ್ರಾಗಾರದ ಫೋಟೋಗಳನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದು. ವರದಿ ಬರೆದವನು ಗಂಡ, ಹಾಗಾಗಿ ಹೆಂಡತಿಯನ್ನು ಹುಡುಕಬೇಕಾದರೆ ಅಕ್ಕಿ, ಬಟ್ಟೆ, ಔಷಧಿಯ ಲೆಕ್ಕ ಇರುವ ಕಡೆ ಹುಡುಕಿ. ಜೆಪ್ಪು, ಬಲ್ಮಠ, ಮೂಲ್ಕಿ, ಉಡುಪಿ ಕಡೆ ಮಿಶನ್ ಬೋರ್ಡಿಂಗಿನಲ್ಲಿ ಓದಿದ ಅಜ್ಜಿಯಂದಿರು ಇದ್ದರೆ ಈ ವಾರವೇ ಹೋಗಿ ಮಾತನಾಡಿಸಿ. ಪಾಠದ ಬಗ್ಗೆ ಆಮೇಲೆ ಕೇಳಿ. ಮೊದಲು ಊಟಕ್ಕೆ ಏನು ಕೊಡುತ್ತಿದ್ದರು ಅಂತ ಕೇಳಿ.

ನಮಸ್ಕಾರ.